ಮೀಟರಿನ ಹೇಳಿಕೆ

ಬೆಟಗೇರಿಯ ನೇಕಾರ್ತಿ ಸರೂಬಾಯಿ, ಗಂಡ ತುಕಾರಾಮಸಾನ ಜೊತೆ ವಿದ್ಯುತ್ ಕಂಪನಿಯ ಗ್ರಾಹಕರ ಸಭೆಗೆ ಬಂದಿದ್ದಳು. ಮುಂದಿನ ಐದು ವರ್ಷ ಯಾರಿಗೆಷ್ಟು ಕರೆಂಟು ಬೇಕೆಂದು ಈಗ ಮನೆಮನೆಯ ಮೀಟರುಗಳೇ ಹೇಳುತ್ತಿದ್ದವು. ಗೋಡೆಯ ಮೇಲಿದ್ದುಕೊಂಡು ಅವು ಮನೆಯ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದವು. ಗ್ರಾಹಕರು ಸಹಿ ಹಾಕಿದರಾಯಿತು.

ಸರೂಬಾಯಿಯ ಮನೆಯ ಮೀಟರಿನ ಹೇಳಿಕೆಯನ್ನು ಅಧಿಕಾರಿ ಓದಿದರು: "ಬರುವ ವರ್ಷದಿಂದ ಒಂದೇ ಮಗ್ಗಕ್ಕೆ ಸಾಕು."

"ತಪ್ಪಾಗೇತ್ರಿ. ನಮ್ಮವು ಎರಡು ಮಗ್ಗ. ಒಂದು ನಂದು, ಒಂದು ಇವರ್ದು," ಎಂದು ನಗುತ್ತ ಸರೂಬಾಯಿ ಗಂಡನತ್ತ ತಿರುಗಿದಳು. ಅವನು ತಲೆ ತಗ್ಗಿಸಿದ್ದ.

"ನನ್ನ ರಿಪೋರ್ಟ್ ಬಗ್ಗೆ ಡಾಕ್ಟರ್ ಫೋನ್ ಮಾಡಿದಾಗ ಮೀಟರು ಕೇಳಿಸ್ಕೊಂಡೈತಿ," ಎಂದ. "ನಿನಗ ಹೇಳಾಕ ನನಗ ಬಾಯಿ ಬರ್ಲಿಲ್ಲ."

ಅವಳು ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟಳು. ಅಧಿಕಾರಿ ಸಹಿಯ ಜಾಗ ತೋರಿಸಿದರು.

"ಹಾಕಂಗಿಲ್ರಿ," ಎಂದಳು. "ಎರಡು ಅಂತ ಬರೀರಿ."

ಅಧಿಕಾರಿ ಬರೆಯುವವರೆಗೂ ಅವಳು ಕುರ್ಚಿ ಬಿಟ್ಟು ಏಳಲಿಲ್ಲ.