ಮಾಚಿಪತ್ರೆಯ ಎಣ್ಣೆ

ಗಣೇಶನಿಗೆ ಏರಿಸುವ ಮಾಚಿಪತ್ರೆಯಿಂದ ತೆಗೆದ ಎಣ್ಣೆ ಸೊಳ್ಳೆಗಳನ್ನು ದೂರವಿಡುತ್ತದೆ ಎಂದು ತೋರಿಸುವುದಕ್ಕಾಗಿ ವನಮಾಲಾ ಮೂರು ವರ್ಷ ದುಡಿದಿದ್ದಳು. ಇಂದು ಕೊನೆಯ ಪರೀಕ್ಷೆ. ಕೈ ಒಡ್ಡುವವಳೂ ಅವಳೇ. ಪ್ರಯೋಗಾಲಯದಲ್ಲಿ ಸೊಳ್ಳೆ ಸಾಕುವ ಹೊನ್ನಮ್ಮ ಇನ್ನೂರು ಸೊಳ್ಳೆಗಳಿದ್ದ ಬಲೆಯ ಪೆಟ್ಟಿಗೆಯನ್ನು ತಂದು ಮೇಜಿನ ಮೇಲಿಟ್ಟಳು. ಅವಳ ಪಿಎಚ್.ಡಿ. ಮಾರ್ಗದರ್ಶಕರಾದ ಪ್ರೊಫೆಸರ್ ಗಡಿಯಾರ ನೋಡುತ್ತ ಕುಳಿತರು.

ವನಮಾಲಾ ಎಣ್ಣೆ ಸವರಿದ ಬಲಗೈಯನ್ನು ಪೆಟ್ಟಿಗೆಯೊಳಗೆ ತೂರಿಸಿದಳು. ಹತ್ತು ನಿಮಿಷ ಕಳೆಯಿತು. ಒಂದು ಸೊಳ್ಳೆಯೂ ಕಚ್ಚಲಿಲ್ಲ.

“ಭೇಷ್!” ಪ್ರೊಫೆಸರರ ಮುಖ ಅರಳಿತು. “ಇನ್ನು ನಿಮ್ಮನ್ನ ಡಾಕ್ಟರ್ ವನಮಾಲಾ ಅಂತಾನೇ ಕರೀಬಹುದು. ಎಲ್ಲಿ, ಎಣ್ಣೆ ಹಚ್ಚದ ಎಡಗೈನೂ ಒಂದ್ಸಲ ಇಟ್ಟುಬಿಡಿ. ಅದಕ್ಕೆ ಚೆನ್ನಾಗಿ ಕಚ್ಚಿದ್ರೆ ಕೆಲಸ ಮುಗೀತು.”

ಅವಳು ಹಲ್ಲು ಬಿಗಿಹಿಡಿದು ಎಡಗೈ ಇಟ್ಟಳು. ಐದು ನಿಮಿಷವಾಯಿತು, ಹತ್ತಾಯಿತು. ಆ ಕೈಯನ್ನೂ ಒಂದೇ ಒಂದು ಸೊಳ್ಳೆಯೂ ಮುಟ್ಟಲಿಲ್ಲ.

“ಇದೇನ್ರೀ ಇದು?” ಪ್ರೊಫೆಸರ್ ಕನ್ನಡಕ ತೆಗೆದು ಒರೆಸಿಕೊಂಡರು. “ಹಾಗಾದ್ರೆ ನಿಮ್ಮ ಎಣ್ಣೆ ಮಾಡಿದ್ದಾದ್ರೂ ಏನು?”

ವನಮಾಲಾ ಹೊನ್ನಮ್ಮನ ಕಡೆ ತಿರುಗಿದಳು. “ಹೊನ್ನಮ್ಮ, ಇವಕ್ಕೆ ಹಸಿವೇ ಇಲ್ವಾ? ಬೆಳಿಗ್ಗೆ ಏನಾದ್ರೂ ತಿನ್ನಿಸಿಬಿಟ್ರಾ?”

“ಅಯ್ಯೋ, ಇಲ್ಲ ಮೇಡಮ್ಮೋರೆ,” ಹೊನ್ನಮ್ಮ ಹತ್ತಿರ ಬಂದು ಅವಳ ಅಂಗೈಯನ್ನು ಅಕ್ಕರೆಯಿಂದ ಸವರಿದಳು. “ಕಚ್ಚೋದು ಹೆಣ್ಣು ಸೊಳ್ಳೆ ಮಾತ್ರ ಅಲ್ವಾ? ಪಾಪ, ನಿಮ್ಮ ಕೈ ಊದ್ಕೊಳ್ಳುತ್ತೆ ಅಂತ ನಿನ್ನೆಯೆಲ್ಲಾ ಕೂತು ಬರೀ ಗಂಡುಗಳನ್ನೇ ಆರಿಸಿ ಹಾಕಿದ್ದೀನಿ.”