ಗುಲಾಬಿ ಪೊಟ್ಟಣ

ಟೋಪಿ ತಾತ ದಡದ ಅಂಗಡಿಗೆ ಚಹಾ ಕುಡಿಯಲು ಹೋದದ್ದನ್ನು ನೋಡಿಕೊಂಡೇ ಅವಳು ಅವನ ಬೋಟಿಗೆ ಇಳಿದಳು. ಹಿಂಬದಿಯ ಪರದೆಯ ಮರೆಯಲ್ಲಿ ಶೌಚದ ಡಬ್ಬಿ ಇತ್ತು. ಮುಚ್ಚಳ ಎತ್ತಿದಳು. ಒಂದು ಚಿಟಿಕೆ ಸಾಕಿತ್ತು. ಸಿಟ್ಟಿನಲ್ಲಿ ಇಡೀ ಪೊಟ್ಟಣವನ್ನೇ ಸುರಿದುಬಿಟ್ಟಳು.

ಪುಡಿ ಕೊಟ್ಟವನು ಅವಳ ತಮ್ಮ, ಪ್ಲಂಬರ್. ಪೈಪು ಎಲ್ಲಿ ಸೋರುತ್ತದೆಂದು ಪತ್ತೆ ಹಚ್ಚಲು ಬಳಸುವ ಬಣ್ಣ ಅದು. "ವಿಷ ಅಲ್ಲ ಅಕ್ಕಾ, ಆದ್ರೆ ಮುಚ್ಚಿಡೋಕಾಗಲ್ಲ. ಎಲ್ಲಿ ಹೊರಗೆ ಬಂದ್ರೂ ಗುಲಾಬಿಯಾಗೇ ಬರುತ್ತೆ," ಎಂದಿದ್ದ. ಯಾತಕ್ಕೆ ಎಂದು ಕೇಳಲಿಲ್ಲ. ಅಕ್ಕನ ಮುಖ ನೋಡಿದರೆ ಕೇಳುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ.

ಕೆರೆಯ ಬೋಟ್ ಕ್ಲಬ್ಬಿನ ಪಕ್ಕದ ಮೆಟ್ಟಿಲ ಬಳಿ ಅವಳು ಮಕ್ಕಳಿಗೆ ಈಜು ಕಲಿಸುತ್ತಿದ್ದಳು. ಎಲ್ಲರಿಗಿಂತ ಮುಂದೆ ಅವಳ ಮಗಳು, ಮೀನಿನ ಜಾತಿ. ಬೇಸಿಗೆಯ ಶುರುವಿನಲ್ಲೇ ಆ ಮಗು ಜ್ವರ, ವಾಂತಿ ಎಂದು ಮಲಗಿತು. ನೀರಿಗೆ ಯಾರೋ ಮಲ ಸುರಿಯುತ್ತಿದ್ದಾರೆ, ಅದೇ ಮಗುವಿನ ಹೊಟ್ಟೆ ಸೇರಿದೆ ಎಂದರು ಡಾಕ್ಟರು.

ಅಂದಿನಿಂದ ಅವಳು ಬೋಟು ಕಟ್ಟುವ ಜೆಟ್ಟಿಯ ಪಂಪಿನ ಬಳಿ ಕಾವಲು ನಿಂತಳು. ಬೋಟಿನಲ್ಲಿ ತುಂಬಿದ ಶೌಚವನ್ನು ಅಲ್ಲಿ ಖಾಲಿ ಮಾಡಬೇಕೆಂಬುದು ಕ್ಲಬ್ಬಿನ ನಿಯಮ. ಯಾರೂ ಕ್ಯಾರೆ ಎನ್ನುತ್ತಿರಲಿಲ್ಲ. ರಜೆಯ ಸಂಜೆ ವಿಹಾರ ಮುಗಿಸಿ ಬಂದವರನ್ನೆಲ್ಲ ಅವಳು ಸಾಲಿನಲ್ಲಿ ನಿಲ್ಲಿಸಿದಳು. ಕೆಲವರಿಗೆ ಕೈ ಮುಗಿದಳು, ಕೆಲವರ ಮಾನ ಕಳೆದಳು. ಪಾತ್ರೆ ತೊಳೆದ ಸಾಬೂನು ನೀರೂ ಕೆರೆಗೆ ಬೀಳಬಾರದೆಂದು ಗದರಿದಳು. ಪಂಪಿನ ಗುಂಡಿಯನ್ನು ತಾನೇ ಒತ್ತುತ್ತಿದ್ದಳು.

ಮ್ಯಾನೇಜರಿಗೆ ಖುಷಿಯೋ ಖುಷಿ. ಅವಳಿಗೊಂದು ಕುರ್ಚಿ ಹಾಕಿಸಿದ, ಮೇಲೊಂದು ಕೊಡೆ ಕಟ್ಟಿಸಿದ. ಪಂಪು ಎಳೆದದ್ದೆಲ್ಲ ಸೇರುವ ಜೆಟ್ಟಿಯ ಅಡಿಯ ತೊಟ್ಟಿ ತುಂಬಿದರೆ ಏನು ಮಾಡುತ್ತೀರಿ ಎಂದು ಒಮ್ಮೆ ಕೇಳಿದ್ದಳು. ಊರು ಏಳುವ ಮೊದಲೇ ಟ್ಯಾಂಕರ್ ಬಂದು ಎಳೆದುಕೊಂಡು ಹೋಗುತ್ತದೆ, ಯಾರ ಮೂಗಿಗೂ ನಾತ ಬಡಿಯಬಾರದಲ್ಲ ಎಂದಿದ್ದ. ಎಷ್ಟು ಮುತುವರ್ಜಿ ಅನ್ನಿಸಿತ್ತು ಅವಳಿಗೆ.

ಒಂದು ಬೋಟೂ ತಪ್ಪದೆ ಸಾಲಿಗೆ ಬರತೊಡಗಿದ ಮೇಲೆ, ಇನ್ನು ನೀರು ಶುದ್ಧ ಎಂದು ನಂಬಿ, ಅವಳೇ ಮಗಳನ್ನು ಮತ್ತೆ ನೀರಿಗೆ ಇಳಿಸಿದಳು. ವಾರ ತುಂಬುವುದರೊಳಗೆ ಮಗು ಮತ್ತೆ ಆಸ್ಪತ್ರೆ ಸೇರಿತು. ಈ ಸಲ ಇನ್ನೂ ಜೋರು. ಇನ್ನೊಮ್ಮೆ ಹೀಗಾದರೆ ಕಿಡ್ನಿ ತಡೆಯುವುದಿಲ್ಲ ಎಂದರು ಡಾಕ್ಟರು. ದಿನವಿಡೀ ನೀರು ಬಡಿಯುತ್ತಿದ್ದ ಹುಡುಗಿ ಗೋಡೆ ಹಿಡಿದು ಬಚ್ಚಲಿಗೆ ನಡೆಯುವುದನ್ನು ನೋಡುತ್ತ ಅವಳು ಹಲ್ಲು ಕಚ್ಚಿದಳು.

ಯಾರೋ ಒಬ್ಬ ತಪ್ಪಿಸಿಕೊಳ್ಳುತ್ತಿದ್ದಾನೆ.

ಒಂದು ಬೋಟೂ ತಪ್ಪದೆ ಎಂದುಕೊಂಡದ್ದು ಸುಳ್ಳು, ಒಂದು ಮಾತ್ರ ತಪ್ಪಿಸಿಕೊಳ್ಳುತ್ತಲೇ ಇತ್ತು. ಟೋಪಿ ತಾತನದು. ಅದನ್ನು ಲೆಕ್ಕಕ್ಕೆ ಹಿಡಿಯದೆ ಇದ್ದದ್ದೇ ತನ್ನ ತಪ್ಪು ಎಂದುಕೊಂಡಳು. ಎಷ್ಟು ಕರೆದರೂ ಮುದುಕ ಟೋಪಿ ಎತ್ತಿ ನಕ್ಕು, "ನಮ್ಮನೇದು ನಮ್ಮನೇಗೇ ಹೋಗುತ್ತಮ್ಮಾ," ಎಂದು ಬೋಟು ಕಟ್ಟಿ ನಡೆದುಬಿಡುತ್ತಿದ್ದ. ಊರಿಗೇ ಟೋಪಿ ಹಾಕುವ ಆಸಾಮಿ ಎಂದು ಅವಳು ಉರಿದುಕೊಳ್ಳುತ್ತಿದ್ದಳು.

ಪುಡಿ ಸುರಿದ ಆ ದಿನವಿಡೀ ದುರ್ಬೀನು ಹಿಡಿದು ಕೂತಳು. ತಾತನ ಬೋಟು ಕೆರೆಯ ನಡುವೆ ಸುತ್ತಿತು, ಗಾಳ ಹಾಕಿತು, ತೂಕಡಿಸಿತು. ಹಿಂದೆ ಗುಲಾಬಿ ಗೆರೆ ಮೂಡಲಿಲ್ಲ. ಆಚೆ ದಡದ ತಿರುವಿನಲ್ಲಿ ಬೋಟು ಸ್ವಲ್ಪ ಹೊತ್ತು ಮರೆಯಾಯಿತು. ಅಲ್ಲೇ ಸುರಿದಿದ್ದಾನೆ.

ಸಂಜೆ ಬೋಟು ದಡಕ್ಕೆ ಬಂದಾಗ ಜೆಟ್ಟಿಯ ತುಂಬ ಜನ. ಅವಳ ಮಗಳನ್ನು ಪ್ಲಂಬರ್ ತಮ್ಮ ಗಾಳಿಗೆಂದು ಕರೆತಂದು ಈಜಿನ ಮೆಟ್ಟಿಲ ಮೇಲೆ ಕೂರಿಸಿದ್ದ. ನೀರಿಗೆ ಇಳಿಯಬಾರದೆಂದು ಆಣೆ ಹಾಕಿಸಿ ಅವಳು ನೇರ ತಾತನ ಎದುರು ಹೋಗಿ ನಿಂತಳು.

"ಬಿಳಿ ಕೂದಲಿಗೆ ಮರ್ಯಾದೆ ಕೊಟ್ಟು ಇಷ್ಟು ದಿನ ಸುಮ್ನಿದ್ದೆ," ಎಂದಳು. "ನಿಮ್ಮ ಹೊಲಸು ತಿಂದು ನನ್ನ ಮಗಳು ಸಾಯ್ತಾ ಇದ್ದಾಳೆ. ಅಲ್ಲಿ ಕೂತಿದ್ದಾಳೆ, ನೋಡಿ. ನೋಡಿ ಒಂದ್ಸಲ."

ತಾತ ನೋಡಿದ. ಟೋಪಿ ತೆಗೆದ. ಬೋಟಿನೊಳಗೆ ಹೋಗಿ ಡಬ್ಬಿಯನ್ನು ಹೊತ್ತು ತಂದ. ಅದು ತುಳುಕುತ್ತಿತ್ತು.

"ದಿನಾ ಚೀಲದಲ್ಲಿಟ್ಟು ಮನೆಗೇ ಒಯ್ತೀನಿ ತಾಯಿ, ನಮ್ಮ ಬಚ್ಚಲಿಗೇ ಸುರೀತೀನಿ," ಎಂದ. "ಇಲ್ಲೇ ಹಾಕಿದ್ರೆ ನಿನಗೆ ಸಮಾಧಾನ ಅನ್ನೋದಾದ್ರೆ, ತಗೋ."

ಪಂಪಿನ ಬಾಯಿಗೆ ಡಬ್ಬಿ ಬಗ್ಗಿಸಿದ. ಕಡು ಗುಲಾಬಿ ಬಣ್ಣ ದಬದಬ ಬಿತ್ತು. ನೆರೆದವರು ಹೋ ಎಂದು ನಕ್ಕರು. ತಾತ ಏನು ಕುಡಿದಿದ್ದನೋ ಎಂದ ಒಬ್ಬ.

ಅವಳ ಮುಖ ಸಪ್ಪಗಾಯಿತು. ಹಾಗಾದರೆ ಇವನಲ್ಲ. ಆದರೂ ಎಲ್ಲರ ಎದುರು ಸಾಲಿಗೆ ಬಂದನಲ್ಲ ಎಂಬ ಮೊಂಡು ಹಟದಲ್ಲಿ ಗುಂಡಿ ಒತ್ತಿದಳು. ಮೋಟಾರು ಗುರ್ರೆಂದಿತು.

ಮ್ಯಾನೇಜರ್ ಒಬ್ಬನೇ ನಗಲಿಲ್ಲ. ಬಣ್ಣ ನೋಡಿದವನೇ ಜನರನ್ನು ತಳ್ಳಿಕೊಂಡು ಓಡಿಬಂದ.

"ಆಫ್ ಮಾಡಿ ಮೇಡಂ, ಮೊದ್ಲು ಆಫ್ ಮಾಡಿ."

"ಯಾಕೆ?" ಎಂದಳು ಅವಳು, ಗುಂಡಿಯ ಮೇಲಿನ ಬೆರಳು ತೆಗೆಯದೆ.

ಉತ್ತರ ಮೆಟ್ಟಿಲ ಕಡೆಯಿಂದ ಬಂತು.

"ಅಮ್ಮಾ, ನಾನು ನೀರಿಗೆ ಇಳಿದಿಲ್ಲ, ಬರೀ ಕಾಲು ಇಟ್ಕೊಂಡಿದ್ದೆ," ಎಂದಳು ಮಗಳು, ಮೊಣಕಾಲಿನವರೆಗೂ ಗುಲಾಬಿಯಾಗಿದ್ದ ಕಾಲುಗಳನ್ನು ಎತ್ತಿ ತೋರಿಸುತ್ತ.