ಬಯಲಾಚೆಯ ಸೆಳೆತ

ಆ ಬಯಲನ್ನು ದಾಟಲು ಬೆಳಕಿಗೆ ಹತ್ತು ನಿಮಿಷ ಬೇಕಾಗುತ್ತಿತ್ತು. ಸೈಕಲ್ಲಿಗೆ ಐದೇ ಸಾಕು.

ಬಯಲಿನ ಆಚೆಗಿದ್ದ ನೀಲವ್ವನ ಗೆಳತಿ ಹಸೀನಾ ದಿನಾ ಬೆಳಿಗ್ಗೆ ಏಳಕ್ಕೆ ಮಾಳಿಗೆ ಹತ್ತಿ, ಪ್ಲಾಸ್ಟಿಕ್ ಪೈಪನ್ನು ಕಂಬಳಿಗೆ ತಿಕ್ಕಿ ಮೇಲೆತ್ತುತ್ತಿದ್ದಳು. ಏಳೂ ಹತ್ತಕ್ಕೆ ಈಚೆ ನೀಲವ್ವನ ಮನೆಯ ಕಿಟಕಿಗೆ ಅವಳು ಕಾಣುತ್ತಿದ್ದಳು. ಆಗಲೇ, ತಿಕ್ಕಿದ ಪೈಪಿನ ಸೆಳೆತಕ್ಕೆ, ಕಿಟಕಿಗೆ ಕಟ್ಟಿದ ಹತ್ತಿಯ ಎಳೆ ಅವಳತ್ತ ವಾಲುತ್ತಿತ್ತು. ಅದೇ ಅವರ ನಮಸ್ಕಾರ. ಅವಳು ಕಣ್ಣಿಗೆ ಕಾಣುವುದು ಮೊದಲೋ ಎಳೆ ವಾಲುವುದು ಮೊದಲೋ ಎಂದು ನೀಲವ್ವ ಎಷ್ಟೋ ಸಲ ಕಾದು ನೋಡಿದ್ದಳು. ಒಂದು ದಿನವೂ ಒಂದು ಬಿಟ್ಟು ಇನ್ನೊಂದು ಬಂದಿರಲಿಲ್ಲ.

ನಿನ್ನೆ ಇಬ್ಬರಿಗೂ ಜಗಳವಾಗಿತ್ತು. ಇವತ್ತು ಏಳೂ ಇಪ್ಪತ್ತಾದರೂ ಮಾಳಿಗೆ ಖಾಲಿ, ಎಳೆ ನೆಟ್ಟಗೆ.

"ಇಷ್ಟು ಸೊಕ್ಕೇನ ಅಕಿಗೆ?" ಎಂದು ನೀಲವ್ವ ಎಳೆಯನ್ನು ಕಿತ್ತೇಬಿಟ್ಟಳು.

ಅಷ್ಟರಲ್ಲಿ ಸೈಕಲ್ ಗಂಟೆ ಕೇಳಿಸಿತು. ಏದುಸಿರು ಬಿಡುತ್ತ ಹಸೀನಾ ಒಳಗೆ ಬಂದಳು.

"ಏಳೂದು ತಡಾ ಆತು ನೀಲವ್ವಾ. ಪೈಪು ತಿಕ್ಕಿದಾಕೀನ ಸೈಕಲ್ ಹತ್ತಿ ಬಂದೆ. ನೀ ಸಿಟ್ಟಿಲೆ ಎಳಿ ಹರೀತಿ ಅಂತ ಗೊತ್ತಿತ್ತು."

ನೀಲವ್ವ ಮುಷ್ಟಿ ಬಿಚ್ಚಿದಳು. ಹರಿದ ಎಳೆಯನ್ನು ಎರಡು ಬೆರಳಲ್ಲಿ ಹಿಡಿದು ಕಿಟಕಿಗೆ ನಿಂತಳು. ಹಸೀನಾ ಪಕ್ಕದಲ್ಲಿ ಬಂದು ನಿಂತಳು.

ಐದು ನಿಮಿಷದ ಮೇಲೆ ದೂರದ ಮಾಳಿಗೆಯಲ್ಲಿ ಕೆದರಿದ ಕೂದಲಿನ ಹಸೀನಾ ಕಾಣಿಸಿಕೊಂಡು, ಅವಸರದಿಂದ ಪೈಪು ತಿಕ್ಕಿದಳು. ಎಳೆ ಅತ್ತ ವಾಲಿತು.

"ನಾ ಇಲ್ಲೇ ಅದೀನಲ್ಲ, ಅದ್ಯಾಕ ಅಲ್ಲಿಗೆ ಎಳೀತೈತಿ?"

"ಅಕಿ ಇನ್ನೂ ಹೊಂಟಿಲ್ಲ," ಎಂದಳು ನೀಲವ್ವ, ಕೈ ಇಳಿಸದೆ. "ಸುಮ್ನಿರು, ಅಕಿ ನನ್ನ ಕರಿಯಾಕತ್ತಾಳ."